ಡಬ್ಬಿಯ ನಾಲ್ಕು ದೀಪ

ಸುಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸೆಲ್ಫಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅಲ್ಲಿನ ಲಾರಿ ಓಡಿಸಿದವನು. ಒಂದು ದಿನ ಸುಣ್ಣದ ಕಲ್ಲು ಸುಡುವ ಗೂಡಿನ ಬಾಯಿಂದ ಹಾರಿದ ಸುಣ್ಣದ ಪುಡಿ ಎಡಗಣ್ಣಿಗೆ ಬಿತ್ತು. ಆ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಉಳಿದುಬಿಟ್ಟಿತು, ಲೈಸೆನ್ಸ್ ಹೋಯಿತು. ಮ್ಯಾನೇಜರ್ ಅವನನ್ನು ಮನೆಗೆ ಕಳಿಸಲಿಲ್ಲ, ವಾಹನಗಳ ಶೆಡ್ಡಿಗೆ ಹಾಕಿದರು. ಗಾಡಿ ಸ್ಟಾರ್ಟ್ ಮಾಡಬಹುದು, ಓಡಿಸುವಂತಿಲ್ಲ. ಸೆಲ್ಫ್ ಹೊಡೆಯುವುದಷ್ಟೇ ಕೈಯಲ್ಲಿ ಉಳಿದವನಿಗೆ ಆ ಹೆಸರು ತಾನಾಗಿ ಅಂಟಿಕೊಂಡಿತು.

ಶೆಡ್ಡಿನಲ್ಲಿ ಇದ್ದದ್ದು ಎರಡೇ ಗಾಡಿ. ಒಂದು ಆಂಬುಲೆನ್ಸ್, ಇನ್ನೊಂದು ಬೆಂಕಿ ಆರಿಸುವ ನೀರಿನ ಗಾಡಿ. ಬೆಂಕಿ ಗಾಡಿ ತಪಾಸಣೆಗೆ ಬರುವವರ ಕಣ್ಣಿಗೆ ಕಾಣಲೆಂದು ನಿಂತದ್ದು. ಅದರ ಎರಡೂ ಬ್ಯಾಟರಿ ಸತ್ತು ವರ್ಷವಾಗಿತ್ತು. ಹೊಸದು ಕೇಳಿದಾಗಲೆಲ್ಲ, ಬೆಂಕಿ ಬಿದ್ದಾಗ ನೋಡೋಣ ಎಂಬ ಉತ್ತರ ಬರುತ್ತಿತ್ತು. ಆಂಬುಲೆನ್ಸಿನ ಮಾತು ಬೇರೆ. ಸುತ್ತಲೂ ಬೋಳು ಗುಡ್ಡ, ಪಟ್ಟಣದ ಆಸ್ಪತ್ರೆ ಇಪ್ಪತ್ತೆರಡು ಕಿಲೋಮೀಟರ್ ಕೆಳಗೆ. ವರ್ಷಕ್ಕೆ ಏಳೋ ಎಂಟೋ ಸಲ ಹೊರಡುವ ಆ ಬಿಳಿ ವ್ಯಾನನ್ನು ನಂಬಿಕೊಂಡು ಎಪ್ಪತ್ತು ಮನೆಗಳ ಜನ ಆ ಗುಡ್ಡದ ಮೇಲೆ ಮಲಗಿ ಏಳುತ್ತಿದ್ದರು.

ಓಡದ ಗಾಡಿಗೆ ಬರುವ ರೋಗ ಓಡುವ ಗಾಡಿಗೆ ಬರುವುದಿಲ್ಲ. ಸೆಲ್ಫಣ್ಣ ದಿನಾ ಹತ್ತು ನಿಮಿಷ ಇಂಜಿನ್ ಓಡಿಸುತ್ತಿದ್ದ. ನಿಂತಲ್ಲೇ ಹತ್ತು ನಿಮಿಷ ಗುರುಗುಟ್ಟಿದರೆ, ಸೆಲ್ಫ್ ತಿಂದ ಕರೆಂಟು ಕೂಡ ಬ್ಯಾಟರಿಗೆ ವಾಪಸಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಹಿಂದೆಲ್ಲ ಸಂಜೆ ಬ್ಯಾಟರಿಯ ಒಂದು ವೈರು ಬಿಚ್ಚಿಟ್ಟು ಹೋಗುತ್ತಿದ್ದ. ಒಮ್ಮೆ ಅವಸರದಲ್ಲಿ ವೈರು ಕೂರಿಸುವಾಗ ನಟ್ಟು ಕೈಜಾರಿ ಇಂಜಿನ್ನಿನ ಹೊಟ್ಟೆಯೊಳಗೆಲ್ಲೋ ಬಿತ್ತು. ಹುಡುಕುವಷ್ಟರಲ್ಲಿ ಐದು ನಿಮಿಷ ಹೋಯಿತು, ಹಿಂದೆ ಹೆರಿಗೆ ನೋವಿನ ಹೆಂಗಸು ಮಲಗಿದ್ದಳು. ಇನ್ನು ಮೇಲೆ ವೈರು ಬಿಚ್ಚಕೂಡದು ಎಂದು ಮ್ಯಾನೇಜರ್ ಹುಕುಂ ಮಾಡಿದರು. ಆಮೇಲೆ ಎರಡು ವರ್ಷದಲ್ಲಿ ಎರಡು ಬ್ಯಾಟರಿ ಹೋದವು.

ಮೂರನೆಯದನ್ನು ಕೇಳಲು ಹೋದಾಗ ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಯ್ಯಾ ಸೆಲ್ಫಣ್ಣ, ಬ್ಯಾಟರಿ ತಿಂತೀಯೋ ಏನ್ ಕಥೆ?"

"ನಿಂತು ನಿಂತು ಸಾಯ್ತವೆ ಸಾರ್. ನಾನೇನ್ ಮಾಡ್ಲಿ?"

"ಈಗ ಗಾಡಿ ಎಬ್ಸೋ ಡಬ್ಬಿ ಬಂದಿದೆಯಂತಲ್ಲ. ಕೈಯಲ್ಲಿ ಎತ್ಕೊಂಡು ಹೋಗಿ ಕ್ಲಿಪ್ ಹಾಕಿದ್ರೆ ಸಾಕಂತೆ. ಅದೊಂದು ತಂದ್ಬಿಡು."

"ಯಾವುದು ತರ್ಲಿ?"

"ನನ್ನ ಕೇಳ್ತೀಯಲ್ಲಯ್ಯ. ನಿಂಗೆ ಗೊತ್ತಿಲ್ದೆ ಇರೋದು ನಂಗೆ ಗೊತ್ತಾ? ನೀನೇ ಹೋಗಿ ಆರಿಸ್ಕೊಂಡು ಬಾ. ಗಾಡಿ ಏಳ್ಬೇಕು, ಅಷ್ಟೆ."

ಹೀಗೆ ಆರಿಸುವ ಕೆಲಸ ಅವನ ಪಾಲಿಗೆ ಬಂತು.

ಅವನ ಮನೆ ಕಾರ್ಖಾನೆಯ ಮನೆಗಳ ಎರಡನೇ ಸಾಲಿನಲ್ಲಿತ್ತು. ಎರಡು ಕೋಣೆ, ಒಂದು ಹಿತ್ತಲು, ಪಕ್ಕದ ಮನೆಗೂ ತನ್ನ ಮನೆಗೂ ನಡುವೆ ಎದೆಯೆತ್ತರದ ಗೋಡೆ. ಮಗಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಹತ್ತೊಂಬತ್ತು ವರ್ಷ ಜರಡಿ ಮನೆಯಲ್ಲಿ ಸುಣ್ಣ ಜಾಲಿಸಿದವಳು. ಮೂಗಿಗೆ ಕಟ್ಟಿಕೊಂಡ ಬಟ್ಟೆ ದಿನಾ ಬೆಳ್ಳಗಾಗುತ್ತಿತ್ತು. ಆ ಬಟ್ಟೆ ದಾಟಿ ಒಳಗೆ ಹೋದದ್ದು ಈಗ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮಾತಿನ ನಡುವೆ ಉಸಿರು ನಿಂತು, ಕಣ್ಣು ದೊಡ್ಡದಾಗಿ, ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಆಗ ಮೂಲೆಯಲ್ಲಿದ್ದ ಪುಟ್ಟ ಯಂತ್ರದ ಗುಂಡಿ ಒತ್ತಬೇಕು. ಅದು ಔಷಧಿಯನ್ನು ಹೊಗೆಯ ಹಾಗೆ ಮಾಡಿ ಮೂಗು ಬಾಯಿಗೆ ಕೊಡುತ್ತದೆ. ಡಾಕ್ಟರು ಅದನ್ನು ನೆಬ್ಯುಲೈಸರ್ ಎಂದರು. ಅದರ ಸದ್ದು ಕೇಳಿದ ಅವಳು ಮಾತ್ರ 'ಗೊರಕೆ ಮಿಷನ್' ಎಂದು ಹೆಸರಿಟ್ಟಳು.

"ನಿಮ್ಗೆ ಜೋಡಿ ಸಿಕ್ತು ನೋಡ್ರಿ. ಇನ್ಮೇಲೆ ಇಬ್ರೂ ಸೇರಿ ಗೊರೀರಿ."

ಇಪ್ಪತ್ತು ನಿಮಿಷ ಆ ಯಂತ್ರ ಗೊರೆದರೆ ಅವಳ ತುಟಿಗೆ ಬಣ್ಣ ವಾಪಸು ಬರುತ್ತಿತ್ತು. ಆದರೆ ಅದು ಕರೆಂಟಿಗೆ ಓಡುವ ಯಂತ್ರ. ಗೂಡು ಉರಿಯುವುದು ಕಲ್ಲಿದ್ದಲಿನಿಂದ. ಕರೆಂಟು ಹೋದರೆ ಕಾರ್ಖಾನೆ ನಿಲ್ಲುವುದಿಲ್ಲ, ಮನೆಗಳು ಮಾತ್ರ ಕತ್ತಲಾಗುತ್ತವೆ. ಹಾಗಾಗಿ ಕರೆಂಟಿನ ಬಗ್ಗೆ ಅಲ್ಲಿ ಯಾರಿಗೂ ಅವಸರವಿರಲಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲಿ ಉಸಿರು ಕಟ್ಟಿದ ದಿನ ಸೆಲ್ಫಣ್ಣ ಅವಳ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತು, ಒಂದೊಂದು ಉಸಿರನ್ನೂ ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ.

ಪಟ್ಟಣಕ್ಕೆ ಹೊರಟಾಗ ಅವನು ಬೆಂಕಿ ಗಾಡಿಯ ಸತ್ತ ಬ್ಯಾಟರಿಯೊಂದನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿಕೊಂಡ. ಆಂಬುಲೆನ್ಸಿನ ಡ್ರೈವರು ಜೊತೆಗೆ ಬಂದಿದ್ದ. ಬಸ್ಸಿನಲ್ಲಿ ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನನ್ನು ಕಂಡು ಡ್ರೈವರು ನಕ್ಕ.

"ಹೆಣ ಹೊತ್ಕೊಂಡು ಮದ್ವೆಗೆ ಹೊರಟಂಗಿದೆ ನೋಡಣ್ಣ ನಿನ್ನ ಅವತಾರ. ಇದ್ಯಾಕೆ?"

"ಅಂಗಡಿಯವ್ರು ಹೊಸ ಬ್ಯಾಟರಿ ಮೇಲೆ ಹಾಕಿ ತೋರಿಸ್ತಾರೆ ಕಣೋ. ಹೊಸದು ಹೆಂಗಿದ್ರೂ ಏಳುತ್ತೆ. ಸತ್ತಿದ್ದನ್ನ ಎಬ್ಸುತ್ತಾ ನೋಡ್ಬೇಕು."

ಬ್ಯಾಟರಿ ಅಂಗಡಿಯವನು ತೆಳ್ಳಗೆ, ಮಾತಿಗೆ ಮುಂಚೆ ಕೈಯೊರೆಸಿಕೊಳ್ಳುವ ಮನುಷ್ಯ. ಮೊದಲು ಕೈಯಗಲದ ಒಂದು ಡಬ್ಬಿ ತೋರಿಸಿದ. ಹೊಳೆಯುವ ಮೈ, ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಡ್ರೈವರಿಗೆ ಅದು ನೋಡಿದೊಡನೆ ಹಿಡಿಸಿತು. ಸೆಲ್ಫಣ್ಣ ಗೋಣಿ ಬಿಚ್ಚಿ ಸತ್ತ ಬ್ಯಾಟರಿಯನ್ನು ಗಲ್ಲಾದ ಮುಂದೆ ಇಟ್ಟ. ಕ್ಲಿಪ್ ಹಾಕಿದರು. ಡಬ್ಬಿಯ ಕೆಂಪು ದೀಪ ಪಿಳಿಪಿಳಿ ಎಂದಿತು, ಬೇರೇನೂ ಆಗಲಿಲ್ಲ.

"ಯಾಕೆ?"

"ಇದು ಜಾಣ ಡಬ್ಬಿ ಅಣ್ಣ. ಎದುರುಗಡೆ ಒಂಚೂರು ಜೀವ ಇದ್ರೇನೇ ಕೊಡುತ್ತೆ. ನಿಮ್ ಬ್ಯಾಟರಿ ಪೂರ್ತಿ ಹೋಗಿದೆ. ಅಲ್ಲಿ ಬ್ಯಾಟರಿ ಇದೆ ಅಂತಾನೇ ಇದಕ್ಕೆ ಗೊತ್ತಾಗ್ತಿಲ್ಲ."

"ದಿನಾ ಓಡೋ ಗಾಡಿಗೆ ಸರಿ. ನಮ್ದು ತಿಂಗಳುಗಟ್ಲೆ ನಿಲ್ಲೋ ಗಾಡಿ. ಡೀಸೆಲ್ ಬೇರೆ."

"ಹಾಗಾದ್ರೆ ಇದು ನೋಡಿ." ಎರಡನೆಯದು ಇಟ್ಟಿಗೆಯಷ್ಟು ದಪ್ಪ. ಪಕ್ಕದಲ್ಲಿ ಒಂದು ಗುಂಡಿ. ಅದನ್ನು ಒತ್ತಿ ಹಿಡಿದರೆ ಎದುರಿನ ಬ್ಯಾಟರಿಗೆ ಜೀವ ಇದೆಯೋ ಇಲ್ಲವೋ ನೋಡದೆ ಕೊಟ್ಟುಬಿಡುತ್ತದೆ. ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಹಾಕಬಾರದು, ಅಷ್ಟೇ ಎಚ್ಚರಿಕೆ ಬೇಕು. ಅಂಗಡಿಯ ಹಿಂದೆ ನಿಂತಿದ್ದ ಡೀಸೆಲ್ ಟೆಂಪೋದ ಬ್ಯಾಟರಿ ತೆಗೆಸಿ, ಆ ಜಾಗದಲ್ಲಿ ಸತ್ತದ್ದನ್ನು ಕೂರಿಸಿ ನೋಡಿದರು. ಗುಂಡಿ ಒತ್ತಿ ಸೆಲ್ಫ್ ಹೊಡೆದರೆ ಟೆಂಪೋ ಒಮ್ಮೆ ಕೆಮ್ಮಿ ಎದ್ದು ನಿಂತಿತು.

"ಒಂದ್ಸಲ ತುಂಬ್ಸಿದ್ರೆ ಆರು ತಿಂಗಳು ಮುಟ್ಬೇಡಿ. ನಾಲ್ಕು ದೀಪ ಹಂಗೇ ಇರುತ್ತೆ," ಎಂದ ಅಂಗಡಿಯವನು.

ಆರಿಸುವುದು ಅಲ್ಲಿಗೆ ಮುಗಿದಿತ್ತು. ಆದರೆ ಸೆಲ್ಫಣ್ಣನ ಒಳ್ಳೆಯ ಕಣ್ಣು ಕಪಾಟಿನ ಕೆಳಗಿನ ಸಾಲಿಗೆ ಹೋಗಿತ್ತು. ಅಲ್ಲಿ ಹಿಡಿಕೆ ಇದ್ದ ಒಂದು ದೊಡ್ಡ ಡಬ್ಬಿ ಕೂತಿತ್ತು. ಅದರ ಮೈಮೇಲೆ, ಮನೆಯ ಗೋಡೆಯಲ್ಲಿ ಇರುತ್ತದಲ್ಲ, ಅಂಥದೇ ಒಂದು ಪ್ಲಗ್ಗಿನ ತೂತು.

"ಅದು?"

"ಅದೂ ಗಾಡಿ ಎಬ್ಸುತ್ತೆ. ಇದೇ ಥರ ಗುಂಡಿ ಇದೆ. ಜೊತೆಗೆ ಫ್ಯಾನು, ಬಲ್ಬು, ಸಣ್ಣಪುಟ್ಟ ಮಿಷನ್ನು ಏನ್ ಬೇಕಾದ್ರೂ ಹಾಕ್ಬಹುದು. ಆದ್ರೆ ಅಣ್ಣ, ನಿಜ ಹೇಳ್ತೀನಿ. ಗಾಡಿಗೆ ಮಾತ್ರ ಅಂದ್ರೆ ಇಟ್ಟಿಗೆ ಥರದ್ದೇ ತಗೊಳ್ಳಿ. ಈ ದೊಡ್ಡದಕ್ಕೆ ಬಾಯಿ ಜಾಸ್ತಿ. ಒಬ್ರು ಮೊಬೈಲ್ ಹಾಕ್ತಾರೆ, ಇನ್ನೊಬ್ರು ಫ್ಯಾನ್ ಹಾಕ್ತಾರೆ. ಬೇಕಾದಾಗ ನೋಡಿದ್ರೆ ಒಳಗೆ ಏನೂ ಇರಲ್ಲ."

ಡ್ರೈವರು ಆಗಲೇ ಇಟ್ಟಿಗೆ ಡಬ್ಬಿಯನ್ನು ಕೈಯಲ್ಲಿ ತೂಗುತ್ತಿದ್ದ. ಸೆಲ್ಫಣ್ಣ ದೊಡ್ಡದರ ಮುಂದೆ ಕುಕ್ಕರಗಾಲಲ್ಲಿ ಕೂತು ಆ ತೂತಿನ ಮೇಲೆ ಬೆರಳಾಡಿಸಿದ. ಗೊರಕೆ ಮಿಷನ್ನಿನ ಪ್ಲಗ್ಗು ಎಷ್ಟು ದಪ್ಪ ಎಂದು ಅವನ ಬೆರಳಿಗೆ ಗೊತ್ತಿತ್ತು.

"ಇದೇ ಇರ್ಲಿ. ಶೆಡ್ಡಿಗೆ ದೊಡ್ಡದೇ ಒಳ್ಳೇದು," ಎಂದ. ಹೇಳುವಾಗ ಅಂಗಡಿಯವನ ಮುಖ ನೋಡಲಿಲ್ಲ.

ಡಬ್ಬಿ ಬಂದ ಮೇಲೆ ಆಂಬುಲೆನ್ಸ್ ಹಟ ಮಾಡುವುದನ್ನು ಬಿಟ್ಟಿತು. ಐದು ದಿನದಲ್ಲಿ ಮೂರು ದಿನ ತಾನಾಗಿ ಏಳುತ್ತಿತ್ತು, ಎರಡು ದಿನ ಡಬ್ಬಿಯಿಂದ. ಶೆಡ್ಡಿನ ಗೋಡೆಗೆ ಒಂದು ಹಲಗೆ ಹೊಡೆದು ಡಬ್ಬಿಯನ್ನು ಅದರ ಮೇಲಿಟ್ಟ. ಪಕ್ಕದಲ್ಲೇ ಚಾರ್ಜಿನ ವೈರು. ನಾಲ್ಕು ಹಸಿರು ದೀಪ ಹೊತ್ತಿದ್ದರೆ ತುಂಬಿದೆ ಎಂದರ್ಥ. ದಿನಾ ಅದನ್ನು ನೋಡಿ ರಿಜಿಸ್ಟರಿನಲ್ಲಿ 'ದೀಪ ನಾಲ್ಕು' ಎಂದು ಬರೆಯಬೇಕು. ರಿಜಿಸ್ಟರು ಗೇಟಿನ ಕಾವಲುಕೋಣೆಯಲ್ಲಿ ಇರುತ್ತಿತ್ತು, ಶೆಡ್ಡು ಅಲ್ಲಿಂದ ಇನ್ನೂರು ಹೆಜ್ಜೆ ಒಳಗೆ. ಮೊದಲ ತಿಂಗಳು ಹೋಗಿ, ನೋಡಿ, ವಾಪಸು ಬಂದು ಬರೆದ. ಆಮೇಲೆ ಗೇಟಿನಲ್ಲಿ ಟೀ ಕುಡಿಯುತ್ತಲೇ ಬರೆದು ಒಳಗೆ ಹೋಗತೊಡಗಿದ. ಹೇಗೂ ನಾಲ್ಕೇ ಇರುತ್ತಿತ್ತು.

ಪಕ್ಕದ ಮನೆಯಲ್ಲಿದ್ದವನು ಗೂಡಿನ ಮೇಸ್ತ್ರಿ. ಮುಂಜಾನೆ ಗೋಡೆಯಾಚೆ ಮುಖ ತೊಳೆಯುತ್ತ ಕೂಗದಿದ್ದರೆ ಅವನಿಗೆ ದಿನವೇ ಶುರುವಾಗುತ್ತಿರಲಿಲ್ಲ.

"ಏನಣ್ಣಾ, ಬಿಳಿ ಕುದುರೆ ಎದ್ದಿತ್ತಾ ನಿನ್ನೆ?"

"ನಿನ್ನಷ್ಟು ಸೋಮಾರಿ ಅಲ್ಲ ಬಿಡು. ಒಂದೇ ಸಲಕ್ಕೆ ಎದ್ದಿತ್ತು."

"ಅತ್ತಿಗೆ, ಇವ್ನು ರಾತ್ರಿ ಕನಸಲ್ಲೂ ಸೆಲ್ಫ್ ಹೊಡೀತಾನಾ?"

"ಹೊಡೀತಾರಪ್ಪ. ನನ್ನ ಕಿವಿ ಹಿಡ್ಕೊಂಡು ತಿರುಗಿಸ್ತಾರೆ," ಎಂದು ಒಳಗಿಂದ ಅವಳು ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಕೇಳಿದೊಡನೆ ಮೇಸ್ತ್ರಿಯ ಹೆಂಡತಿ ಚೊಂಬಿನಲ್ಲಿ ಬಿಸಿನೀರು ತಂದು ಗೋಡೆಯ ಮೇಲಿಡುತ್ತಿದ್ದಳು.

ಎಂಟು ತಿಂಗಳಲ್ಲಿ ಮೂರು ಸಲ ಸೆಲ್ಫಣ್ಣ ಡಬ್ಬಿಯನ್ನು ಚೀಲದಲ್ಲಿ ಹಾಕಿ ಮನೆಗೆ ತಂದಿದ್ದ. ಮೊದಲ ಸಲ ಅವಳ ಉಸಿರು ತಹಬಂದಿಗೆ ಬಂದು, ಮೂಗು ಬಾಯಿಯ ಮೇಲಿನ ಯಂತ್ರದ ಮುಚ್ಚಳ ತೆಗೆದಾಗ ಅವಳು ಡಬ್ಬಿಯನ್ನೇ ನೋಡುತ್ತ ಕೇಳಿದಳು.

"ಇದ್ಯಾರ್ದು?"

"ಶೆಡ್ಡಿಂದು."

"ಶೆಡ್ಡಿಂದು ಶೆಡ್ಡಲ್ಲಿ ಇರ್ಬೇಕಲ್ರೀ."

"ಇರುತ್ತೆ. ಈಗ ವಾಪಸ್ ಇಟ್ಟು ಬರ್ತೀನಿ. ಅರ್ಧ ಗಂಟೆ ಅಷ್ಟೆ."

"ಆ ಅರ್ಧ ಗಂಟೇಲಿ ಯಾರಿಗಾದ್ರೂ ಬೇಕಾದ್ರೆ?"

ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಪ್ರತಿ ಸಲವೂ ಬೇಗ ವಾಪಸು ಇಟ್ಟ, ಮತ್ತೆ ತುಂಬಿಸಿದ. ಯಾರಿಗೂ ಬೇಕಾಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಏನೂ ಆಗುವುದಿಲ್ಲ ಎಂಬ ಧೈರ್ಯ ಬಂದುಬಿಟ್ಟಿತು.

ನಾಲ್ಕನೆಯ ಸಲ ಬಿರುಗಾಳಿ ಎದ್ದ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಗಾಳಿ ಗುಡ್ಡದ ಸುಣ್ಣದ ಪುಡಿಯನ್ನೆಲ್ಲ ಎತ್ತಿಕೊಂಡು ಬಂದು ಮನೆಗಳ ಮೇಲೆ ಸುರಿಯಿತು. ಬಾಗಿಲ ಸಂದಿಗೆ ಬಟ್ಟೆ ತುರುಕಿದರೂ ನೆಲ ಬೆಳ್ಳಗಾಯಿತು. ಕೆಳಗೆಲ್ಲೋ ಕಂಬ ಬಿದ್ದು ಕರೆಂಟು ಹೋಯಿತು. ಎರಡು ಗಂಟೆಗೆ ಮೇಸ್ತ್ರಿಯ ಹೆಂಡತಿ ಓಡಿ ಶೆಡ್ಡಿಗೆ ಬಂದಳು.

"ಅಣ್ಣಾ, ಅಕ್ಕಂಗೆ ಆಗ್ತಿಲ್ಲ, ಬೇಗ ಬಾ."

ಅವನು ಡಬ್ಬಿ ಎತ್ತಿಕೊಂಡು ಹೋದ. ಇಪ್ಪತ್ತು ನಿಮಿಷಕ್ಕೆ ಉಸಿರು ಬಂತು. ಗಾಳಿಯಲ್ಲಿ ಪುಡಿ ಇನ್ನೂ ಇತ್ತು. ನಾಲ್ಕು ಗಂಟೆಗೆ ಮತ್ತೆ ಕಟ್ಟಿತು. ಆರಕ್ಕೆ ಮತ್ತೆ. ಮೂರನೆಯ ಸಲ ಮುಚ್ಚಳ ತೆಗೆದಾಗ ಎರಡೇ ದೀಪ ಉಳಿದಿದ್ದವು. ಅವಳು ಬೆರಳು ತೋರಿಸಿದಳು.

"ಇನ್ನು ತಗೊಂಡು ಹೋಗಿ ಇಡ್ರೀ."

"ಇಡ್ತೀನಿ. ಕರೆಂಟ್ ಬರ್ಲಿ."

"ಕರೆಂಟ್ ಬರ್ದಿದ್ರೆ?"

"ಬರುತ್ತೆ ಕಣೆ. ಸುಮ್ನೆ ಮಲಗು."

ಕರೆಂಟು ಬರಲಿಲ್ಲ. ಬೆಳಕು ಹರಿಯುವ ಮೊದಲು ಯಂತ್ರ ಇನ್ನೆರಡು ಸಲ ಗೊರೆಯಿತು. ಕೊನೆಯ ಸಲ ಅರ್ಧಕ್ಕೇ ಅದರ ದನಿ ಕುಗ್ಗಿ ನಿಂತಿತು. ಅಷ್ಟರಲ್ಲಿ ಮಳೆ ಬಿದ್ದು ಗಾಳಿ ಇಳಿದಿತ್ತು, ಅವಳಿಗೆ ಜೊಂಪು ಹತ್ತಿತ್ತು. ಡಬ್ಬಿಯಲ್ಲಿ ಒಂದು ದೀಪ ಕೆಂಪಗೆ ಮಿಣುಕುತ್ತಿತ್ತು.

ಆರೂವರೆಗೆ ಅವನು ಚೀಲ ಹಿಡಿದು ಗೇಟಿಗೆ ಬಂದ. ಕಾವಲುಗಾರ ಟೀ ಕೊಟ್ಟು ರಿಜಿಸ್ಟರು ಮುಂದೆ ತಳ್ಳಿದ. ಡಬ್ಬಿ ಸೆಲ್ಫಣ್ಣನ ಕಾಲ ಬುಡದಲ್ಲೇ ಇತ್ತು. ಕರೆಂಟು ಇನ್ನೇನು ಬಂದೀತು, ಬಂದರೆ ಮಧ್ಯಾಹ್ನದೊಳಗೆ ತುಂಬೀತು ಎಂದುಕೊಂಡು ಪೆನ್ನು ತೆಗೆದು 'ದೀಪ ನಾಲ್ಕು' ಎಂದು ಬರೆದ. ಒಳಗೆ ಹೋಗಿ ಡಬ್ಬಿಯನ್ನು ಹಲಗೆಯ ಮೇಲಿಟ್ಟು ಚಾರ್ಜಿನ ವೈರು ಸಿಕ್ಕಿಸಿದ. ವೈರಿನೊಳಗೆ ಏನೂ ಇರಲಿಲ್ಲ.

ಏಳು ಇಪ್ಪತ್ತಕ್ಕೆ ಗೂಡಿನ ಕಡೆಯಿಂದ ಕೂಗು ಕೇಳಿತು.

ಕೈರಾಟೆಯಿಂದ ಕಲ್ಲು ಮೇಲೆತ್ತುವ ಕಬ್ಬಿಣದ ತೊಟ್ಟಿಯ ಹಗ್ಗ ತುಂಡಾಗಿ, ಕಲ್ಲಿನ ಸಮೇತ ತೊಟ್ಟಿ ಕೆಳಗೆ ಬಿದ್ದಿತ್ತು. ಮೇಸ್ತ್ರಿಯ ಬಲಗಾಲು ಮೊಣಕಾಲಿನಿಂದ ಕೆಳಗೆ ಅದರ ಅಂಚಿಗೆ ಸಿಕ್ಕಿತ್ತು. ಆರು ಜನ ತೊಟ್ಟಿ ಸರಿಸಿ, ಹಲಗೆಯ ಮೇಲೆ ಅವನನ್ನು ಹೊತ್ತುಕೊಂಡು ಶೆಡ್ಡಿಗೆ ಬಂದರು. ಯಾರೋ ತೊಡೆಗೆ ಟವೆಲ್ಲು ಬಿಗಿದಿದ್ದರು. ಮೇಸ್ತ್ರಿಗೆ ಎಚ್ಚರವಿತ್ತು. ಹಲ್ಲು ಕಚ್ಚಿಕೊಂಡೇ ಹೇಳಿದ.

"ಎಬ್ಬಿಸಣ್ಣಾ ಕುದುರೆನ. ಇವತ್ತು ನಂಗೆ ಸವಾರಿ."

ಅವನನ್ನು ಹಿಂದೆ ಮಲಗಿಸಿದರು. ಡ್ರೈವರು ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಟಕ್.

"ಅಣ್ಣಾ, ಡಬ್ಬಿ!"

ಸೆಲ್ಫಣ್ಣ ಡಬ್ಬಿ ತಂದು ಕ್ಲಿಪ್ ಹಾಕಿದ. ಗುಂಡಿ ಒತ್ತಿ ಹಿಡಿದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿ ಹಿಡಿದ. ಡ್ರೈವರು ಕೀಲಿ ತಿರುಗಿಸಿದಾಗ ಡಬ್ಬಿಯ ಒಂದೇ ಒಂದು ದೀಪವೂ ಆರಿತು.

ಪಟ್ಟಣದ ಆಸ್ಪತ್ರೆಗೆ ಫೋನು ಮಾಡಿದರು. ಅವರ ಗಾಡಿ ಬೇರೆ ಕಡೆ ಹೋಗಿತ್ತು. ಸುಣ್ಣ ತುಂಬುವ ಲಾರಿಗಳು ಬರುವುದು ಒಂಬತ್ತರ ಮೇಲೆ, ಮ್ಯಾನೇಜರ ಕಾರೂ ಆಗಲೇ. ಬೆಂಕಿ ಗಾಡಿಯೊಳಗೆ ಸತ್ತ ಬ್ಯಾಟರಿ. ಉಳಿದದ್ದು ತಳ್ಳುವುದೊಂದೇ. ಆದರೆ ಶೆಡ್ಡು ಇದ್ದದ್ದು ತಗ್ಗಿನಲ್ಲಿ. ಅಲ್ಲಿಂದ ರಸ್ತೆಗೆ ನಲವತ್ತು ಅಡಿಯ ಏರು, ರಸ್ತೆಗೆ ಬಂದರೆ ಆಮೇಲೆ ಇಳಿಜಾರು.

ಹದಿನಾಲ್ಕು ಜನ ತಳ್ಳಿದರು. ಮಳೆ ಬಿದ್ದ ಸುಣ್ಣದ ನೆಲ ಬೆಣ್ಣೆಯ ಹಾಗೆ ಜಾರುತ್ತಿತ್ತು. ನಾಲ್ಕು ಅಡಿ ಏರಿದರೆ ಎರಡಡಿ ಹಿಂದೆ ಬರುತ್ತಿತ್ತು, ಚಕ್ರದ ಹಿಂದೆ ಕಲ್ಲು ಕೊಡುತ್ತಿದ್ದರು. ಸುದ್ದಿ ಕೇಳಿ ಬಂದ ಮೇಸ್ತ್ರಿಯ ಹೆಂಡತಿ ಗಂಡಸರ ನಡುವೆ ತೂರಿಕೊಂಡು, ಹಿಂಬಾಗಿಲಿಗೆ ಎರಡೂ ಅಂಗೈ ಕೊಟ್ಟು ತಳ್ಳಿದಳು. ಆ ಬಾಗಿಲಿನ ಆಚೆ ಗಂಡ ನರಳುತ್ತಿದ್ದ. ಅವಳ ಪಕ್ಕದಲ್ಲೇ ಸೆಲ್ಫಣ್ಣನ ಕೈ ಇತ್ತು. ಅವನು ತಳ್ಳುತ್ತಿದ್ದನೋ, ಆ ಬಿಳಿ ತಗಡನ್ನು ಆಸರೆಗೆ ಹಿಡಿದುಕೊಂಡಿದ್ದನೋ ಅವನಿಗೇ ತಿಳಿಯಲಿಲ್ಲ.

ಇಳಿಜಾರಿಗೆ ಬಂದು ಇಂಜಿನ್ ಎದ್ದಾಗ ಎಂಟು ಹತ್ತಾಗಿತ್ತು.

ಮೇಸ್ತ್ರಿ ಬದುಕಿದ. ಕಾಲು ಉಳಿಯಲಿಲ್ಲ. ರಕ್ತ ಹೋಗುವ ದಾರಿ ಮುಚ್ಚಿ ತುಂಬ ಹೊತ್ತಾಗಿತ್ತು, ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದು ಡಾಕ್ಟರು ಹೇಳಿದ್ದನ್ನು ಡ್ರೈವರು ಬಂದು ಹೇಳಿದ.

ಮ್ಯಾನೇಜರ್ ರಿಜಿಸ್ಟರು ತರಿಸಿ ನೋಡಿದರು. ಆ ಬೆಳಿಗ್ಗೆಯ ಸಾಲಿನಲ್ಲಿ 'ದೀಪ ನಾಲ್ಕು' ಎಂದು ದುಂಡಗೆ ಬರೆದಿತ್ತು.

"ನಾಲ್ಕು ದೀಪ ಇದ್ದದ್ದು ಒಂದು ಗಂಟೇಲಿ ಖಾಲಿ ಅಂದ್ರೆ ಡಬ್ಬಿನೇ ಕಳಪೆ. ಅಂಗಡಿಯವನು ಟೋಪಿ ಹಾಕಿದಾನೆ. ಅಲ್ವೇನಯ್ಯ?"

ಸೆಲ್ಫಣ್ಣ ನೆಲ ನೋಡುತ್ತ ನಿಂತ. ತಲೆ ಆಡಿಸಿದನೋ ಇಲ್ಲವೋ, ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. ಕರೆಂಟು ಬಂದ ಮೇಲೆ ಡಬ್ಬಿ ತುಂಬಿ ಮತ್ತೆ ನಾಲ್ಕು ದೀಪ ತೋರಿಸಿತು. ಅದನ್ನು ಯಾರೂ ಕೇಳಲಿಲ್ಲ.

ಮನೆಯಲ್ಲಿ ಅವಳು ಕೇಳಿದಳು. ಅಡುಗೆ ಒಲೆಯ ಮುಂದೆ ಬೆನ್ನು ಹಾಕಿ ಕೂತು, ತಿರುಗದೆ.

"ನಾನು ಕುಡ್ದಿದ್ದು ಅವ್ನ ಕಾಲಾ?"

"ಹಂಗೆಲ್ಲ ಅನ್ಬೇಡ ಕಣೆ."

"ಮತ್ತೆ ಹೆಂಗೆ ಅನ್ಲಿ? ನೀವೇ ಹೇಳ್ಕೊಡಿ."

ಅವನು ಗೊರಕೆ ಮಿಷನ್ನಿನ ವೈರು ಸುತ್ತತೊಡಗಿದ.

"ಅಂಗಡಿಯವ್ನ ಮೇಲೆ ಹಾಕಿದ್ರಂತೆ," ಎಂದಳು. "ಅವ್ನು ಬೇಡ ಅಂದಿದ್ದನ್ನೇ ನೀವು ತಂದಿದ್ದು ಅಲ್ವಾ?"

ಡ್ರೈವರು ಅದನ್ನೂ ಹೇಳಿದ್ದ.

ಇಪ್ಪತ್ತಮೂರು ದಿನದ ಮೇಲೆ ಮೇಸ್ತ್ರಿಯನ್ನು ಮನೆಗೆ ಕರೆತಂದರು. ಮರುದಿನ ಬೆಳಿಗ್ಗೆ ಗೋಡೆಯಾಚೆ ನೀರಿನ ಸದ್ದು ಕೇಳಿಸಿತು, ಕೂಗು ಬರಲಿಲ್ಲ. ಸೆಲ್ಫಣ್ಣ ಅಂಗಿ ತೊಟ್ಟು ಹೊರಟ. ಬಾಗಿಲ ಬಳಿ ಹೆಂಡತಿ ನಿಂತಿದ್ದಳು. ಇಬ್ಬರೂ ಒಟ್ಟಿಗೇ ಹೋದರು. ಹನ್ನೊಂದು ಹೆಜ್ಜೆಯ ದಾರಿಯಲ್ಲಿ ಅವಳು ಎರಡು ಸಲ ನಿಂತಳು.

ಮೇಸ್ತ್ರಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಕಾಲಿಲ್ಲದ ಕಡೆ ಹೊದಿಕೆ ಚಪ್ಪಟೆಯಾಗಿತ್ತು. ಸೆಲ್ಫಣ್ಣ ನಿಂತೇ ಎಲ್ಲವನ್ನೂ ಹೇಳಿದ. ಪ್ಲಗ್ಗಿನ ತೂತಿನಿಂದ ಶುರು ಮಾಡಿ ರಿಜಿಸ್ಟರಿನ ಸಾಲಿನವರೆಗೆ. ಹೇಳುತ್ತಿದ್ದಾಗ ಮೇಸ್ತ್ರಿಯ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ತೊಳೆಯುತ್ತಲೇ ಇದ್ದಳು. ಅದು ಆಗಲೇ ತೊಳೆದ ಪಾತ್ರೆ.

ಮೇಸ್ತ್ರಿ ಹೊದಿಕೆಯ ಚಪ್ಪಟೆ ಜಾಗವನ್ನು ಕೈಯಿಂದ ಸವರಿದ.

"ಇದನ್ನ ನಂಗ್ಯಾಕೆ ಹೇಳ್ದೆ ಅಣ್ಣ? ಡಬ್ಬಿ ಕೆಟ್ಟಿತ್ತು ಅಂದ್ಕೊಂಡು, ಕಾಣದೇ ಇರೋ ಆ ಅಂಗಡಿಯವನನ್ನ ಬೈಕೊಂಡು ಮಲಗಿದ್ದೆ. ನೋವು ಜಾಸ್ತಿ ಆದಾಗ ಜಾಸ್ತಿ ಬೈತಿದ್ದೆ. ಈಗ ಯಾರನ್ನ ಬೈಲಿ?"

"ನನ್ನನ್ನೇ ಬೈಯೋ."

"ಬೈಯೋಕೆ ನೋಡ್ತಿದ್ದೀನಿ. ಅತ್ತಿಗೆ ಮುಖ ಅಡ್ಡ ಬರುತ್ತೆ." ಅವನು ಗೋಡೆಯ ಕಡೆ ತಿರುಗಿದ. "ಹೋಗಣ್ಣ. ಇನ್ನು ಹೋಗು."

ಮ್ಯಾನೇಜರಿಗೂ ಹೇಳಿದ. ಅವರು ಕಿಟಕಿಯ ಕಡೆ ನೋಡುತ್ತ, ಒಮ್ಮೆ ಬರೆದಾದ ವರದಿ ಬರೆದಾಯಿತು, ಈಗ ಅದನ್ನು ಕೆದಕಿದರೆ ಹಗ್ಗದ ಮಾತೂ ಬರುತ್ತದೆ, ಎಲ್ಲರಿಗೂ ತೊಂದರೆ ಎಂದರು. ಶೆಡ್ಡಿನ ಕೆಲಸ ಅವನಿಗೇ ಉಳಿಯಿತು. ಬೈದು ಹೊರಗೆ ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ಸಂಜೆಯೇ, ಒಡೆದ ಪೈಪಿಗೆ ಮೆತ್ತುವ, ಒಣಗಿದರೆ ಕಲ್ಲಾಗುವ ಅಂಟನ್ನು ಕಲಸಿ ಡಬ್ಬಿಯ ಪ್ಲಗ್ಗಿನ ತೂತಿಗೆ ಮೆತ್ತಿದ. ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ. ಹಾಗೆ ಮಾಡಿ ಎಂದವಳು ಹೆಂಡತಿಯೇ. ಮರುದಿನದಿಂದ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಇನ್ನೂರು ಹೆಜ್ಜೆ ನಡೆದು, ಡಬ್ಬಿಯ ಮುಂದೆ ನಿಂತು, ದೀಪ ಎಣಿಸಿ, ಅಲ್ಲೇ ಬರೆಯತೊಡಗಿದ. ಗೋಡೆಯ ಮೇಲೆ ಬಿಸಿನೀರಿನ ಚೊಂಬು ಮತ್ತೆ ಕಾಣಲಿಲ್ಲ. ಬೆಳಗಿನ ಹೊತ್ತು ಆ ಕಡೆಯಿಂದ ಊರುಗೋಲಿನ ಸದ್ದು ಕೇಳುತ್ತಿತ್ತು. ಎರಡು ಟಪ್ಪು, ನಡುವೆ ಒಂದು ಬಿಡುವು.

ಎರಡು ತಿಂಗಳ ನಂತರ ಒಂದು ಸಂಜೆ ಗಾಳಿ ಎದ್ದಿತು, ಕರೆಂಟು ಹೋಯಿತು. ಹೆಂಡತಿಯ ಉಸಿರು ಕಟ್ಟಿತು. ಸೆಲ್ಫಣ್ಣ ಡ್ರೈವರಿಗೆ ಫೋನು ಮಾಡಿದ. ಆಂಬುಲೆನ್ಸ್ ಮಧ್ಯಾಹ್ನವೇ ಜ್ವರದ ರೋಗಿಯೊಬ್ಬನನ್ನು ಹೊತ್ತು ಪಟ್ಟಣಕ್ಕೆ ಹೋಗಿತ್ತು. ಡಬ್ಬಿಯಿಂದ ಎದ್ದೇ ಹೋಗಿತ್ತು. ಹೊರಟಿದ್ದೀನಣ್ಣ, ಇನ್ನೊಂದು ಗಂಟೆ ಎಂದ ಡ್ರೈವರು.

ಅವನು ಅವಳ ಬೆನ್ನಿಗೆ ಎದೆ ಕೊಟ್ಟು ಕೂತ. ಎಣಿಸತೊಡಗಿದ. ಕೋಣೆಯಲ್ಲಿ ಅವಳ ಎದೆಯ ಸಿಳ್ಳೊಂದೇ ಕೇಳುತ್ತಿತ್ತು. ಗೋಡೆಯಾಚೆ ಊರುಗೋಲು ಟಪ್ಪೆಂದು ಬಂದು ನಿಂತಿತು.

"ಅಣ್ಣಾ." ಎರಡು ತಿಂಗಳ ಮೇಲೆ ಕೇಳಿದ ದನಿ. "ಅತ್ತಿಗೆಗಾ?"

"ಹೂಂ."

"ಕೂತ್ಕೊಂಡು ಏನ್ ಮಾಡ್ತಿದ್ದೀಯ? ಹೋಗಿ ಡಬ್ಬಿ ತಗೊಂಡು ಬಾ."

"ತೂತು ಮುಚ್ಚಿಬಿಟ್ಟಿದ್ದೀನಿ ಕಣೋ. ಅಂಟು ಮೆತ್ತಿಬಿಟ್ಟಿದ್ದೀನಿ. ಈಗ ಬರಲ್ಲ ಅದು."

ಆ ಕಡೆ ಊರುಗೋಲು ಗೋಡೆಗೆ ಬಡಿಯಿತು. ಆಮೇಲೆ, "ಥೂ, ನಿನ್ನ," ಎಂದಷ್ಟೇ ಕೇಳಿಸಿತು. ಅದು ಬೈಗುಳವೋ ಅಳುವೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತಳು. ಸೆಲ್ಫಣ್ಣನನ್ನು ನೋಡಲಿಲ್ಲ. ಒಳಗೆ ಬಂದು ಒದ್ದೆ ಬಟ್ಟೆಯನ್ನು ಕಿಟಕಿಗೆ ಕಟ್ಟಿದಳು, ಇನ್ನೊಂದನ್ನು ಬಾಗಿಲ ಸಂದಿಗೆ ಹಾಸಿದಳು. ಆಮೇಲೆ ಅವಳ ಎದುರು ಕೂತು ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನನ್ನ ನೋಡು. ನಾನ್ ಬಿಟ್ಟಾಗ ಬಿಡು, ನಾನ್ ಎಳೆದಾಗ ಎಳಿ." ಹಾಗೆ ಎಷ್ಟು ಹೊತ್ತು ಕೂತರೋ. ಸೆಲ್ಫಣ್ಣ ಎಣಿಸುತ್ತಲೇ ಇದ್ದ. ಸಾವಿರದ ಮುನ್ನೂರು ದಾಟಿದ ಮೇಲೆ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು.

ಯಂತ್ರ ಗೊರೆಯತೊಡಗಿತು. ಮೇಸ್ತ್ರಿಯ ಹೆಂಡತಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಬಂದ ಹಾಗೇ ಹೋದಳು.

ಅವಳ ತುಟಿಯ ನೀಲಿ ಕರಗಲು ಬಹಳ ಹೊತ್ತು ಹಿಡಿಯಿತು. ಮುಖದ ಮೇಲೆ ಮುಚ್ಚಳವಿತ್ತು, ಮಾತಾಡುವಂತಿರಲಿಲ್ಲ. ಕಣ್ಣು ಬಿಟ್ಟು ಗಂಡನ ಕಡೆ ನೋಡಿದಳು. ಕೈ ನಿಧಾನವಾಗಿ ಮೇಲೆತ್ತಿ, ಹೆಬ್ಬೆರಳು ಮಡಿಸಿ, ನಾಲ್ಕು ಬೆರಳು ತೋರಿಸಿದಳು. ಹುಬ್ಬು ಎತ್ತಿ ಕೇಳಿದಳು.

ಗಾಡಿ ಎಬ್ಬಿಸಿದ ಮೇಲೆ ಡಬ್ಬಿಯನ್ನು ಚಾರ್ಜಿಗೆ ಹಾಕಿದ್ದ. ಆಮೇಲೆ ಕರೆಂಟು ಹೋಗಿತ್ತು. ಎಷ್ಟು ತುಂಬಿದೆಯೋ ನೋಡಿರಲಿಲ್ಲ. ನೋಡಿಲ್ಲ ಎಂದು ತಲೆಯಾಡಿಸಿದ.

ಅವಳು ಅದೇ ಕೈಯಿಂದ ಬಾಗಿಲ ಕಡೆ ತೋರಿಸಿದಳು. ಅವನು ಚಪ್ಪಲಿ ಮೆಟ್ಟಿ ಶೆಡ್ಡಿನ ಕಡೆ ಹೊರಟ.